ಅಣೆಕಟ್ಟೆಯ ಮೇಲಿನ ಅಕ್ಕ, ಕೆಳಗಿನ ತಂಗಿ

ಬಲೆಯಕ್ಕ ಎಂದರೆ ಆ ಜಲಾಶಯದ ದಂಡೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ತೀರಿಹೋಗಿ, ಕೊನೆಗೆ ಗಂಡನ ಬಾಯಲ್ಲೂ ಬಲೆಯಕ್ಕ ಎಂದೇ ಬರತೊಡಗಿತ್ತು. "ಹೆಂಡತೀನ ಅಕ್ಕ ಅಂತ ಕರೀತೀಯಲ್ಲೋ, ನಾಚಿಕೆ ಆಗಲ್ವಾ?" ಎಂದು ಯಾರಾದರೂ ರೇಗಿಸಿದರೆ ಅವನು, "ಎಲ್ಲರಿಗೂ ಅಕ್ಕ ಆದವಳಿಗೆ ನನ್ನೊಬ್ಬನಿಗೆ ಹೆಂಡತಿ ಆಗೋಕೆ ಪುರುಸೊತ್ತೆಲ್ಲಿದೆ?" ಎನ್ನುತ್ತಿದ್ದ.

ಅವಳದು ಬಲೆ ಹೆಣೆಯುವ ಕೆಲಸ. ಹರಿದು ಬಂದದ್ದನ್ನು ಕಟ್ಟಿಕೊಡುವುದೂ ಅವಳೇ. ತಗಡಿನ ಸೂರಿನ ಮನೆಗೆ ಇದ್ದದ್ದು ಎರಡೇ ಕೋಣೆ. ಮುಂದಿನದು ಪೂರಾ ಬಲೆಗಳದ್ದು. ಹಸಿರು, ನೀಲಿ, ಹೊಗೆಬಣ್ಣದ ನೈಲಾನ್ ಬಲೆಗಳು ಸೂರಿನ ತೊಲೆಗಳಿಂದ ಇಳಿಬಿದ್ದಿರುತ್ತಿದ್ದವು. ಒಳಗೆ ಬರುವವರು ತಲೆ ತಗ್ಗಿಸಿಯೇ ಬರಬೇಕು, ಇಲ್ಲವಾದರೆ ಅಂಗಿಯ ಗುಂಡಿ ಸಿಕ್ಕಿಕೊಂಡು ಅಲ್ಲೇ ನಿಲ್ಲಬೇಕು. ಕಿಟಕಿಯ ಪಕ್ಕದ ಮಣೆಯ ಮೇಲೆ ಅವಳು ಕಾಲು ಚಾಚಿ ಕೂತು, ಹೆಬ್ಬೆರಳಿಗೆ ದಾರ ಸಿಕ್ಕಿಸಿ, ಮರದ ಸೂಜಿಯನ್ನು ಓಡಿಸುತ್ತಿದ್ದಳು. ಕಣ್ಣು ಹೊರಗಿನ ನೀರಿನ ಮೇಲೆ. ಕೈ ತನ್ನ ಪಾಡಿಗೆ ತಾನು ಗಂಟು ಹಾಕುತ್ತಿತ್ತು. ಗಂಡ ದೋಣಿಯಲ್ಲಿ ಹೋಗಿ ಗೆಂಡೆ ಮೀನು ಹಿಡಿದು ತರುತ್ತಿದ್ದ. ಐಸಿನವನು ಬೆಳಗಾದರೆ ತನ್ನ ಮೂರು ಚಕ್ರದ ಗಾಡಿಯಲ್ಲಿ ಐಸು ತಂದು, ದಂಡೆಯ ಮೀನನ್ನೆಲ್ಲ ತುಂಬಿಕೊಂಡು, ನಾಲ್ಕು ಮನೆಯ ಸುದ್ದಿ ನಾಲ್ಕು ಮನೆಗೆ ಹಂಚಿ, ಪೇಟೆಗೆ ಹೋಗುತ್ತಿದ್ದ. ಮಕ್ಕಳಾಗಲಿಲ್ಲ. ಅದಕ್ಕಾಗಿ ಅಳುವಷ್ಟು ಅತ್ತು ಮುಗಿದು ಬಹಳ ಕಾಲವಾಗಿತ್ತು.

ಅವಳು ಹುಟ್ಟಿದ್ದು ಈ ದಂಡೆಯಲ್ಲಲ್ಲ. ಈ ಜಲಾಶಯದ ಹೊಳೆ ಅಣೆಕಟ್ಟೆಯ ಆಚೆಗೆ ಇಳಿದು, ಸೊರಗಿ, ಸಮುದ್ರ ಸೇರುವ ಅಳಿವೆಯ ಬಾಯಲ್ಲಿ ಅವಳ ತವರು. ಅಪ್ಪ ಅಲ್ಲಿ ಮೀನು ಹಿಡಿಯುತ್ತಿದ್ದವನು. ಕಟ್ಟೆ ಕಟ್ಟುವುದಕ್ಕೆ ಮುಂಚೆ ವರ್ಷಕ್ಕೊಮ್ಮೆ ಸಮುದ್ರದಿಂದ ಮೀನಿನ ದಂಡೇ ಹೊಳೆಗೆ ನುಗ್ಗಿ, ಗುಡ್ಡದ ತಣ್ಣೀರಿನ ತನಕ ಏರಿ ಹೋಗಿ ಮೊಟ್ಟೆಯಿಡುತ್ತಿತ್ತಂತೆ. ಅದಕ್ಕೆ ಏರುಮೀನು ಎಂದೇ ಹೆಸರು. ಅಡ್ಡಗೋಡೆ ಎದ್ದ ಮೊದಲ ವರ್ಷ ಅವು ಕಾಂಕ್ರೀಟಿಗೆ ಮೂತಿ ಚಚ್ಚಿಕೊಂಡು ಸತ್ತು ತೇಲಿದವು. ಆಮೇಲಾಮೇಲೆ ಬರುವುದೇ ನಿಂತುಹೋಯಿತು. ಅಂದಿನಿಂದ ಅಪ್ಪನಿಗೆ ಕಟ್ಟೆಯ ಹೆಸರೆತ್ತಿದರೆ ಮೈಯೆಲ್ಲ ಕೆಂಡ. ಅಂಥವನ ಹಿರಿಮಗಳು ಕಟ್ಟೆಯ ಮೇಲಿನ ಹುಡುಗನನ್ನೇ ಮೆಚ್ಚಿಕೊಂಡಳು. "ನನ್ನ ಹೊಳೆ ನುಂಗಿದ ನೀರಲ್ಲಿ ಮೀನು ಹಿಡಿಯೋನು ನನಗೆ ಅಳಿಯನಾ?" ಎಂದು ಅಪ್ಪ ಮದುವೆಯ ದಿನ ಊಟ ಮುಟ್ಟದೆ ಎದ್ದು ಹೋಗಿದ್ದ.

ತಂಗಿ ಅಳಿವೆಯಲ್ಲೇ ಉಳಿದಳು. ಅಪ್ಪನ ಮೂಗು, ಅಪ್ಪನ ಹಟ, ಎರಡೂ ಅವಳ ಪಾಲಿಗೇ ಬಂದಿದ್ದವು. ಅಪ್ಪ ಸತ್ತ ಮೇಲೆ ಅವಳು ಅಲ್ಲಿನ ಮೀನುಗಾರರ ಸಂಘಕ್ಕೆ ಅಧ್ಯಕ್ಷೆಯಾದಳು. ಕಟ್ಟೆ ಒಡೆದು ಹೊಳೆ ಬಿಡಿಸಿ ಎಂದು ಕಚೇರಿಯಿಂದ ಕಚೇರಿಗೆ ಅಲೆದಳು. ನೀರಲ್ಲಿ ಹೋಮ ಮಾಡಿದ ಹಾಗೆ ಎಂದು ಜನ ನಕ್ಕರು. ಅಕ್ಕನ ಮನೆಗೆ ಬಂದಾಗಲೆಲ್ಲ ಅವಳದು ಭಾವನ ಜೊತೆ ಒಂದೇ ತಮಾಷೆ.

"ಭಾವಾ, ಈ ವರ್ಷ ನಿಮ್ಮ ಕಟ್ಟೆ ಒಡೆದೇ ಬಿಡ್ತೀವಿ."

"ಒಡೀರಿ ಅಧ್ಯಕ್ಷರೇ. ಒಂದು ಮಾತು ಮುಂಚೆ ಹೇಳಿ, ದೋಣಿ ಕಟ್ಟಿ ಹಾಕ್ಕೋತೀನಿ."

ಮೂವರೂ ನಗುತ್ತಿದ್ದರು. ಬಲೆಯಕ್ಕನೂ ಮನಸಾರೆ ನಗುತ್ತಿದ್ದಳು. ತಂಗಿ ಹೇಳುವುದರಲ್ಲಿ ಸುಳ್ಳಿರಲಿಲ್ಲ. ಅಳಿವೆಯ ಮನೆಗಳು ಒಂದೊಂದಾಗಿ ಬೀಗ ಹಾಕಿಕೊಳ್ಳುತ್ತಿದ್ದುದನ್ನು ಅವಳೂ ಕಂಡಿದ್ದಳು. ಹಾಗಂತ ಬೆಟ್ಟದಂಥ ಆ ಗೋಡೆಯನ್ನು ಯಾರಾದರೂ ಒಡೆದಾರು ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ಆದರೆ ಗೋಡೆಗೇ ವಯಸ್ಸಾಯಿತು. ವಿದ್ಯುತ್ ಮಾಡುವ ಯಂತ್ರಗಳು ನಿಂತು ತುಕ್ಕು ಹಿಡಿದಿದ್ದವು. ಕಾಂಕ್ರೀಟು ಬಿರುಕು ಬಿಟ್ಟು ಒಳಗಿನ ಕಬ್ಬಿಣ ಕಾಣುತ್ತಿತ್ತು. ದುರಸ್ತಿ ಮಾಡುವುದಕ್ಕಿಂತ ಒಡೆಯುವುದೇ ಅಗ್ಗ ಎಂದು ಮೇಲಿನವರು ತೀರ್ಮಾನಿಸಿದರು. ಒಂದು ಮಧ್ಯಾಹ್ನ ತಂಗಿ ಫೋನು ಗೀನು ಏನೂ ಮಾಡದೆ ಬಂದು ಬಾಗಿಲಲ್ಲಿ ನಿಂತಳು. ತಲೆ ತಗ್ಗಿಸುವುದನ್ನು ಮರೆತು ಒಳಗೆ ನುಗ್ಗಿದವಳ ಕೂದಲಿಗೆ ಬಲೆ ಸಿಕ್ಕಿಕೊಂಡಿತು.

"ಅಕ್ಕಾ, ಆಯ್ತು."

"ಏನಾಯ್ತೇ? ಯಾರಿಗೇನಾಯ್ತು?"

"ಒಡೀತಾರೆ ಕಣೇ. ಆರ್ಡರ್ ಆಯ್ತು."

ಹೇಳಿದವಳೇ ಅಕ್ಕನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. "ಅಪ್ಪ ಇರ್ಬೇಕಿತ್ತು ಅಕ್ಕಾ, ಅಪ್ಪ ಇರ್ಬೇಕಿತ್ತು." ಬಲೆಯಕ್ಕ ಅವಳ ಬೆನ್ನು ಸವರಿದಳು. ತಾನೂ ಅತ್ತಳು, ಅಪ್ಪನ ನೆನಪಿಗೇ ಅತ್ತಳು. ಅಳುತ್ತಲೇ ತಂಗಿಯ ಹೆಗಲ ಮೇಲಿಂದ ಕಿಟಕಿಯಾಚೆ ನೋಡಿದಳು. ನೀರು ಎಂದಿನ ಹಾಗೆ ಬಿಸಿಲಿಗೆ ಮೈ ಕಾಯಿಸುತ್ತಾ ಬಿದ್ದಿತ್ತು. ನಡುವೆ ಗಂಡನ ದೋಣಿ. ಬೆನ್ನು ಸವರುತ್ತಿದ್ದ ಕೈ ಅಲ್ಲೇ ನಿಂತಿತು. ತಂಗಿಗೂ ಅದು ತಟ್ಟಿತೋ ಏನೋ, ಅಳು ನಿಲ್ಲಿಸಿ, "ನಿಮ್ಮನ್ನ ಕೈ ಬಿಡಲ್ಲ ಅಕ್ಕಾ, ನನ್ನಾಣೆ" ಎಂದಳು.

ದಂಡೆಯವರಿಗಾಗಿ ಶಾಲೆಯ ಕೋಣೆಯಲ್ಲಿ ಸಭೆ ಕರೆದರು. ಮಕ್ಕಳ ಬೆಂಚುಗಳಲ್ಲಿ ಮಂಡಿ ಮಡಚಿಕೊಂಡು ದೊಡ್ಡವರು ಕೂತರು. ಹೊಳೆ ಕಚೇರಿಯಿಂದ ಬಂದಿದ್ದ ಅಧಿಕಾರಿಣಿ ಗಟ್ಟಿ ದನಿಯವಳಲ್ಲ. ಎಲ್ಲರ ಮಾತನ್ನೂ ತಾಳ್ಮೆಯಿಂದ ಕೇಳಿದಳು. ಬೈಯೋಣವೆಂದು ಬಂದವರಿಗೆ ಬೈಯಲು ಬಾಯೇ ಬರಲಿಲ್ಲ. ಮನೆ ಕಳೆದುಕೊಳ್ಳುವವರಿಗೆ ಪರಿಹಾರವಿತ್ತು. ಇವರ ಮನೆಗಳು ಹೋಗುತ್ತಿರಲಿಲ್ಲ. ನೀರು ಮಾತ್ರ ಹೋಗುತ್ತಿತ್ತು, ನೀರು ಇವರದ್ದಲ್ಲ.

ಬಲೆಯಕ್ಕನ ಗಂಡ ಎದ್ದು ನಿಂತ. "ಅಮ್ಮಾ, ಏರುಮೀನು ಮೇಲೆ ಬರುತ್ತೆ ಅಂತೀರಿ. ನಮ್ಮ ಮನೆ ಮುಂದೇನೇ ಬರುತ್ತಾ?"

"ಬರುತ್ತೆ. ಇನ್ನು ನಾಲ್ಕೈದು ವರ್ಷಕ್ಕೆ ಖಂಡಿತ ಬರುತ್ತೆ."

"ಸರಿ ಮತ್ತೆ. ಗೆಂಡೆ ಹೋದರೆ ಹೋಗ್ಲಿ. ಅಷ್ಟರ ತನಕ ಹೊಟ್ಟೆಗೆ ತಣ್ಣೀರು ಬಟ್ಟೆ ಕಟ್ಕೊಂಡು, ಆಮೇಲೆ ಅದನ್ನೇ ಹಿಡೀತೀವಿ."

ಅಧಿಕಾರಿಣಿ ಮೇಜಿನ ಮೇಲಿನ ಸೀಮೆಸುಣ್ಣವನ್ನು ಎತ್ತಿ ಮತ್ತೆ ಅಲ್ಲೇ ಇಟ್ಟಳು. "ಇಲ್ಲಿ ಹಿಡಿಯೋ ಹಾಗಿಲ್ಲ. ಅದು ಮೊಟ್ಟೆ ಇಡೋ ಜಾಗ ಇದೇ ಅಲ್ವಾ? ಇಲ್ಲಿ ಹಿಡಿದರೆ ಸಂತಾನವೇ ಇರಲ್ಲ. ಕೆಳಗೆ, ಅಳಿವೆಯಲ್ಲಿ ಮಾತ್ರ ಹಿಡೀಬಹುದು. ನನಗೂ ಹೇಳೋಕೆ ಕಷ್ಟ ಆಗುತ್ತೆ."

ಐಸಿನವನು ಹಿಂದಿನ ಬೆಂಚಿನಿಂದ, "ಅಂದ್ರೆ ಹೆರಿಗೆ ನಮ್ಮ ಮನೇಲಿ, ಮಕ್ಕಳು ಅವರ ಮನೇಲಿ" ಎಂದ. ಜನ ನಕ್ಕರು. ಅಧಿಕಾರಿಣಿಯೂ ನಕ್ಕಳು, ಆಮೇಲೆ ನಕ್ಕಿದ್ದಕ್ಕೆ ಮುಖ ಸಣ್ಣ ಮಾಡಿಕೊಂಡಳು. ಬಲೆಯಕ್ಕ ಮಾತ್ರ ಗಂಡನನ್ನು ನೋಡುತ್ತಿದ್ದಳು. ಅವನು ಇನ್ನೂ ನಿಂತೇ ಇದ್ದ. ಕೇಳಬೇಕಾದ್ದು ಇನ್ನೇನೋ ಇದೆ ಎಂಬಂತೆ ಬಾಯಿ ತೆರೆದವನು, ಅದೇನೆಂದು ಹೊಳೆಯದೆ ಕೂತುಬಿಟ್ಟ.

ತೂಬುಗಳನ್ನು ತೆರೆದ ಮೇಲೆ ನೀರು ಒಂದೇ ಸಲಕ್ಕೆ ಓಡಿಹೋಗಲಿಲ್ಲ. ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ, ಕಾಯಿಲೆಯವರ ಮೈ ಇಳಿದ ಹಾಗೆ ಇಳಿಯಿತು. ನಿನ್ನೆ ದೋಣಿ ಕಟ್ಟಿದ ಗೂಟ ಇವತ್ತು ಒಣನೆಲದಲ್ಲಿ. ಯಾರದೋ ಹಿಂದಿನವರ ಗೋಡೆಯ ಬುಡ, ಕಡಿದ ಮರಗಳ ಕಪ್ಪು ಮೋಟು, ಮುಳುಗಿ ಮರೆತ ರಸ್ತೆಯ ತುಂಡು, ಎಲ್ಲ ಒಂದೊಂದಾಗಿ ಮೇಲೆ ಬಂದವು. ಆಮೇಲೆ ಕೆಸರು. ಕಣ್ಣು ಹಾಯುವ ತನಕ ಬೂದಿಬಣ್ಣದ ನಾರುವ ಕೆಸರು, ಅದರ ನಡುವೆ ಬೆರಳಿಟ್ಟು ಗೆರೆ ಎಳೆದ ಹಾಗೆ ತೆಳ್ಳನೆಯ ಹೊಳೆ.

ಗೆಂಡೆಗಳು ಗುಂಡಿಗಳಲ್ಲಿ ಸಿಕ್ಕಿ ಹೊರಳಾಡಿದವು. ಬಲೆ ಬೇಕಾಗಿರಲಿಲ್ಲ, ಬುಟ್ಟಿಯಲ್ಲೇ ಬಾಚಬಹುದಿತ್ತು. ದಂಡೆಯವರೆಲ್ಲ ಹಲಗೆ ಹಾಸಿಕೊಂಡು ಕೆಸರಿಗಿಳಿದರು. ಜೀವಮಾನದಲ್ಲೇ ಅಷ್ಟು ಮೀನು ಒಟ್ಟಿಗೆ ಕಂಡವರಿರಲಿಲ್ಲ. ಬಲೆಯಕ್ಕನ ಗಂಡ ಮೈಗೆಲ್ಲ ಕೆಸರು ಬಳಿದುಕೊಂಡು, "ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ನಂದು ಕುತ್ತಿಗೆ ತನಕ ಕೆಸರಾಗಿದೆ, ಮೊಸರಿನ ಗಡಿಗೆ ಎಲ್ಲಿ?" ಎಂದು ಕೂಗಿ ನಗಿಸಿದ. ಐಸಿನವನು ಗಾಡಿ ತುಂಬಿಕೊಂಡು ಪೇಟೆಗೆ ಹೋಗಿ, ಹೊತ್ತು ಮುಳುಗುವ ಮುಂಚೆ ಗಾಡಿ ಸಮೇತ ವಾಪಸು ಬಂದ. ಅಷ್ಟೊಂದು ಮೀನು ಯಾರಿಗೂ ಬೇಡ. ಕೆಸರು ವಾಸನೆ ಹೊಡೆಯುತ್ತಿದೆಯಂತೆ. ಗುಂಡಿ ತೋಡಿ ಹೂತರು. ಹೂಳಲಾಗದ್ದು ಅಲ್ಲಲ್ಲೇ ಕೊಳೆಯಿತು. ಆ ನಾತದಲ್ಲಿ ಬಲೆಯಕ್ಕ ಕಿಟಕಿ ಮುಚ್ಚಿಕೊಂಡು, ಯಾರೂ ಕೇಳದ ಬಲೆಯೊಂದನ್ನು ಹೆಣೆಯುತ್ತಾ ಕೂತಳು. ಕೈ ಸುಮ್ಮನಿದ್ದರೆ ತಲೆ ಓಡುತ್ತದೆ, ತಲೆ ಓಡಿದರೆ ಎಲ್ಲಿಗೆ ಹೋಗಿ ನಿಲ್ಲುವುದು ಎಂಬುದು ಅವಳಿಗೆ ಗೊತ್ತಿತ್ತು.

ಕೆಲವೇ ತಿಂಗಳಲ್ಲಿ ಯಂತ್ರಗಳು ಬಂದು ಗೋಡೆಯನ್ನು ಕೊರೆದು ತುಂಡು ತುಂಡಾಗಿ ಇಳಿಸಿದವು. ಗಂಡನ ದೋಣಿ ಕೆಸರಿನ ನಡುವೆ ಓರೆಯಾಗಿ ಕೂತಿತ್ತು. ಅದನ್ನು ಎಳೆದು ತರುತ್ತೇನೆಂದು ಒಬ್ಬನೇ ಹೋದವನು ಸೊಂಟದ ತನಕ ಹೂತುಹೋದ. ಬಲೆಯಕ್ಕ ದಂಡೆಯಿಂದ ಬಲೆ ಎಸೆದಳು, ಎಳೆದಳು. ಎಳೆದಷ್ಟೂ ಅವಳೇ ಜಾರಿದಳು. ಗೋಡೆ ಒಡೆಯುತ್ತಿದ್ದ ಕೂಲಿಗಳೇ ಕೊನೆಗೆ ಹಲಗೆ ತಂದು, ಕಂಕುಳಲ್ಲಿ ಹಗ್ಗ ಹಾಕಿ ಅವನನ್ನು ಕಿತ್ತರು. ಚಪ್ಪಲಿ ಒಳಗೇ ಹೋಯಿತು, ದೋಣಿ ಅಲ್ಲೇ ಉಳಿಯಿತು. "ನನ್ನ ಗೋಡೆ ಒಡೆದವರೇ ನನ್ನನ್ನ ಎತ್ತಿದ್ರು ನೋಡು. ಬೈಯೋಕೂ ಬಿಡಲ್ಲ ಈ ಜನ" ಎಂದ. ಆದರೆ ಅಂದಿನಿಂದ ಅವನ ಮಾತು ಕಡಿಮೆಯಾಯಿತು.

ತಂಗಿ ಆಡಿದ ಮಾತನ್ನು ಮರೆತಿರಲಿಲ್ಲ. ಏರುಮೀನಿಗೆ ದೊಡ್ಡ ಕಣ್ಣಿನ ಬಲೆ ಬೇಕು. ಅಳಿವೆಯವರ ಹತ್ತಿರ ಅಂಥದು ಒಂದೂ ಉಳಿದಿರಲಿಲ್ಲ. "ಸಂಘದ ಬಲೆ ಎಲ್ಲ ನೀನೇ ಹೆಣೆದು ಕೊಡು ಅಕ್ಕಾ" ಎಂದು ದಾರದ ಉಂಡೆಗಳನ್ನು ಹೊರಿಸಿಕೊಂಡು ಬಂದಳು. ಬಲೆಯಕ್ಕನಿಗೆ ಹೋದ ಜೀವ ಬಂದ ಹಾಗಾಯಿತು. ಬಲೆಯ ಕಣ್ಣಿನ ಅಳತೆಗೆ ಹೊಸ ಮರದ ಪಟ್ಟಿ ಮಾಡಿಸಿಕೊಂಡಳು. ಬೆರಳು ಸೀಳುವಷ್ಟು ದಪ್ಪ ದಾರ. ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಹೆಣೆದಳು. ಗಂಡ ಉಂಡೆ ಬಿಚ್ಚಿಕೊಟ್ಟು, ಸೂಜಿಗೆ ದಾರ ಸುತ್ತಿಕೊಟ್ಟು ನೆರವಾದ.

ಮೊದಲ ಎರಡು ಬಲೆ ಮುಗಿದಿದ್ದವು. ತಂಗಿ ಮತ್ತೆ ಬಂದಳು; ಈ ಸಲ ಅವಳ ಕೈಯಲ್ಲಿ ದಾರವಿರಲಿಲ್ಲ. ಅಳಿವೆಯವರಿಗೆ ಕಾರ್ಖಾನೆಯಲ್ಲಿ ನೇಯ್ದ ಬಲೆಗಳನ್ನು ಸರಕಾರವೇ ಪುಕ್ಕಟೆ ಕೊಟ್ಟಿತ್ತಂತೆ. ಸಂಘದ ಸಭೆಯಲ್ಲಿ ಎಲ್ಲರ ಕೈಯೂ ಆ ಕಡೆಗೇ ಎದ್ದಿತು.

"ನಾನು ಬೇಡ ಅಂದೆ ಅಕ್ಕಾ. ಅಕ್ಕ ಅಂತ ಪಕ್ಷಪಾತ ಮಾಡ್ತೀಯಾ ಅಂದ್ರು. ಕುರ್ಚಿ ಬಿಡ್ತೀನಿ ಅಂದೆ, ಬಿಡು ಅಂದ್ರು."

"ಬಿಡಬೇಡ. ನೀನು ಬಿಟ್ಟರೆ ನನಗೇನು ಬಂತು?" ಎಂದಳು ಬಲೆಯಕ್ಕ. "ಬಿಟ್ಟಿ ಸಿಗೋವಾಗ ಬೇಡ ಅನ್ನೋಕೆ ಅವರಿಗೇನು ಹುಚ್ಚಾ? ನಾನಾದ್ರೂ ಅದನ್ನೇ ತಗೋತಿದ್ದೆ." ಮುಗಿದ ಬಲೆಗಳಲ್ಲಿ ಒಂದನ್ನು ತಂಗಿಗೆ ಕೊಟ್ಟಳು. ಇನ್ನೊಂದು ತೊಲೆಗೆ ನೇತುಬಿದ್ದಿತು.

ಹೊಳೆ ಮಾತ್ರ ಯಾರ ಮುಲಾಜೂ ಇಲ್ಲದೆ ಚೆನ್ನಾಗುತ್ತಾ ಹೋಯಿತು. ಮಳೆಗೆ ಕೆಸರು ಕೊಚ್ಚಿ ಹೋಗಿ ಕಲ್ಲುಗಳು ತೊಳೆದಿಟ್ಟ ಹಾಗೆ ಹೊಳೆದವು. ದಂಡೆಯಲ್ಲಿ ಹುಲ್ಲು ಎದ್ದಿತು. ಹೆಸರು ಗೊತ್ತಿಲ್ಲದ ಹಕ್ಕಿಗಳು ಬಂದವು. ಅವುಗಳನ್ನು ನೋಡಲು ಕೊರಳಿಗೆ ದುರ್ಬೀನು ಹಾಕಿಕೊಂಡ ಪೇಟೆಯವರೂ ಬಂದರು. ಅವರಲ್ಲೊಬ್ಬಳು ಬಲೆಯಕ್ಕನ ಕಿಟಕಿಯ ಹತ್ತಿರ ನಿಂತು, "ಎಂಥಾ ಜಾಗದಲ್ಲಿದೀರಿ, ಪುಣ್ಯ ಮಾಡಿದೀರಿ" ಎಂದಳು. ಬಲೆಯಕ್ಕ ಹೌದೆಂದಳು. ಚೆನ್ನಾಗಿಯೇ ಇತ್ತು, ಇಲ್ಲವೆನ್ನುವುದು ಹೇಗೆ?

ಏರುಮೀನು ಹೇಳಿದ್ದಕ್ಕಿಂತ ಬೇಗ ಬಂತು. ಐಸು ಕೇಳುವವರಿಲ್ಲದೆ ಗಾಡಿ ಮಾರಿಕೊಂಡಿದ್ದ ಐಸಿನವನಿಗೆ ಹೊಳೆ ಕಚೇರಿಯವರು ಕಾವಲಿನ ಕೆಲಸ ಕೊಟ್ಟಿದ್ದರು. ಖಾಕಿ ಅಂಗಿ, ಕೊರಳಿಗೊಂದು ಸೀಟಿ. ಮೊದಲು ಕಂಡವನು ಅವನೇ. ಓಡೋಡಿ ಬಂದು ಕರೆದ. ಗಂಡ ಹೆಂಡತಿ ದಂಡೆಗೆ ಇಳಿದು ನೋಡಿದರು. ಮಂಡಿಯುದ್ದ ತಿಳಿನೀರಿನಲ್ಲಿ ತೋಳುದ್ದದ ಮೀನುಗಳು ಸೆಳವಿಗೆ ಎದುರಾಗಿ ನಿಂತು, ಬಾಲ ಬೀಸಿ, ಕಲ್ಲು ಹಾರಿ ಮುಂದಕ್ಕೆ ಹೋಗುತ್ತಿದ್ದವು. ಬೆನ್ನಿನಲ್ಲಿ ಬೆಳ್ಳಿ, ಹೊಟ್ಟೆಯಲ್ಲಿ ಎಳೆಗೆಂಪು. ಅಪ್ಪ ಸಾವಿರ ಸಲ ಹೇಳಿದ್ದನ್ನು ಬಲೆಯಕ್ಕ ಮೊದಲ ಸಲ ಕಣ್ಣಾರೆ ಕಂಡಳು. ಗಂಡನ ಕಡೆ ತಿರುಗಿದಳು. ಅವನ ಬಲಗೈ ತನಗೇ ಗೊತ್ತಿಲ್ಲದ ಹಾಗೆ ಸೊಂಟದ ಹತ್ತಿರ ಬಲೆಯ ಅಂಚು ಹುಡುಕುತ್ತಿತ್ತು.

ಮರುದಿನ ಬೆಳಿಗ್ಗೆ ತೊಲೆಯ ಮೇಲಿದ್ದ ದೊಡ್ಡ ಕಣ್ಣಿನ ಬಲೆ ಇರಲಿಲ್ಲ. ಅವಳಿಗೆ ಆ ಕ್ಷಣವೇ ಗೊತ್ತಾಯಿತು. ಎದ್ದುಬಿದ್ದು ಓಡಿದಳು. ಹೊಳೆಯ ತಿರುವಿನಲ್ಲಿ ಅವನು ಬಟ್ಟೆ ಮಂಡಿಗೇರಿಸಿ ನಿಂತಿದ್ದ. ಬಲೆಯಲ್ಲಿ ಒಂದು ಮೀನು ಒದ್ದಾಡುತ್ತಿತ್ತು. ಎದುರಿಗೆ ಐಸಿನವನು, ಸೀಟಿ ಕೈಯಲ್ಲೇ ಇದೆ, ಊದುತ್ತಿಲ್ಲ.

"ಬಿಟ್ಟುಬಿಡು ಅಣ್ಣಾ, ನಾನು ನೋಡಿಲ್ಲ. ನಿನ್ನ ಕಾಲಿಗೆ ಬೀಳ್ತೀನಿ, ಬಿಟ್ಟುಬಿಡು."

"ಬಿಡ್ತೀನಿ ಕಣಯ್ಯಾ. ತಿನ್ನೋಕಲ್ಲ, ಮಾರೋಕಲ್ಲ. ಒಂದ್ಸಲ ಕೈಗೆ ಅದರ ತೂಕ ಸಿಗಲಿ ಅಂತ."

"ಮೇಲೆ ನೋಡು, ಕ್ಯಾಮೆರಾ ಇದೆ. ಕಚೇರಿಯವರೆಲ್ಲ ಅಲ್ಲಿ ಕೂತು ನೋಡ್ತಾರೆ. ನಾನು ವರದಿ ಬರೀದೇ ಇದ್ರೆ ನಾಳೆ ನನ್ನ ಅಂಗಿ ಬಿಚ್ಚಿಸ್ತಾರೆ."

ಗಂಡ ಕಂಬದ ತುದಿಯ ಪುಟ್ಟ ಪೆಟ್ಟಿಗೆಯನ್ನು ತಲೆಯೆತ್ತಿ ನೋಡಿದ. ಮೀನನ್ನು ಬಿಡಿಸಿ ನೀರಿಗೆ ಬಿಟ್ಟ. ಅದು ಅರೆಗಳಿಗೆ ಅವನ ಕಾಲ ಬಳಿಯೇ ನಿಂತು, ದಿಕ್ಕು ನೆನಪಾದ ಹಾಗೆ ಮೇಲಕ್ಕೆ ಹೋಯಿತು.

ವಿಚಾರಣೆ ಅದೇ ಶಾಲೆಯ ಕೋಣೆಯಲ್ಲಿ. ಅಧಿಕಾರಿಣಿಯ ಪಕ್ಕದಲ್ಲಿ ತಂಗಿ. ಅಳಿವೆಯ ಸಂಘದ ಅಧ್ಯಕ್ಷೆ ಅಲ್ಲಿ ಇರಲೇಬೇಕೆಂದು ನಿಯಮವಂತೆ. ಮೇಲೆ ಏರುಮೀನು ಹಿಡಿಯಬಾರದೆಂಬ ಈ ಕಾನೂನಿಗಾಗಿ ಹೋರಾಡಿದವಳೂ ಅವಳೇ. ಮೀನು ಸಾಯಲಿಲ್ಲವಾದ್ದರಿಂದ ಬೇರೆ ಶಿಕ್ಷೆ ಬೇಡ, ಬಲೆಯನ್ನು ಮಾತ್ರ ಕತ್ತರಿಸಿ ಹಾಕಬೇಕು ಎಂದು ಅಧಿಕಾರಿಣಿ ಹೇಳಿದಳು. ಅವಳಿಂದಾದಷ್ಟು ಉಪಕಾರವನ್ನೇ ಮಾಡಿದ್ದಳು. ಒಪ್ಪಿಗೆ ಇದೆಯೇ ಎಂದು ಅಧ್ಯಕ್ಷೆಯನ್ನು ಕೇಳಿದಳು. ತಂಗಿ ಮೇಜಿನ ಮೇಲಿನ ಬಲೆಯನ್ನು ನೋಡಿದಳು, ಅಕ್ಕನನ್ನು ನೋಡಿದಳು.

"ಅಕ್ಕಾ, ನಾನೇನು ಮಾಡ್ಲಿ ಹೇಳು. ಭಾವ ಅಂತ ಬಿಟ್ಟರೆ ನಾಳೆ ಯಾರನ್ನ ಹಿಡೀಲಿ?"

"ನಿನ್ನ ಕೆಲಸ ನೀನು ಮಾಡು" ಎಂದಳು ಬಲೆಯಕ್ಕ. ಮುಂದೆ ಬಂದು ಬಲೆಯನ್ನು ಮಡಿಲಿಗೆ ಎಳೆದುಕೊಂಡು, "ಕತ್ತರಿ ಕೊಡಿ. ಬೇರೆಯವರು ಕತ್ತರಿಸೋದು ಬೇಡ" ಎಂದಳು. ಒಂದೊಂದೇ ಕಣ್ಣಾಗಿ ಕತ್ತರಿಸಿದಳು. ಬಹಳ ಹೊತ್ತು ಹಿಡಿಯಿತು. ಸಾಕು ಎಂದು ಅಧಿಕಾರಿಣಿ ಎರಡು ಸಲ ಹೇಳಿದರೂ ನಿಲ್ಲಿಸಲಿಲ್ಲ. ತಂಗಿ ಕೆಳಗೆ ಕೂತು, ಉದುರಿದ ದಾರಗಳನ್ನು ಕೈಯಿಂದ ಗುಡ್ಡೆ ಮಾಡುತ್ತಿದ್ದಳು. ಗಂಡ ಮಕ್ಕಳ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಆ ಬೇಸಿಗೆಗೆ ಬಾವಿಯೂ ಬತ್ತಿತು. ಜಲಾಶಯದ ತೇವದಲ್ಲೇ ಬದುಕಿದ್ದ ಬಾವಿ ಅದು. ದಂಡೆಯ ಬಾವಿಗಳೆಲ್ಲ ಒಂದರ ಹಿಂದೊಂದು ಕೈಕೊಟ್ಟವು. ಅಷ್ಟು ಕೆಳಗಿನ ಹೊಳೆಯಿಂದ ದಿನವೂ ನೀರು ಹೊತ್ತು ಏರುವ ವಯಸ್ಸೂ ಅವರದ್ದಾಗಿರಲಿಲ್ಲ. ಕುಡಿಯುವ ನೀರಿಲ್ಲದ ಮೇಲೆ ಇನ್ನಾವ ಮಾತು? ತಂಗಿ ಲಾರಿ ತಂದಳು. "ನಾನು ಬರಲ್ಲ" ಎಂದ ಗಂಡ ಹೊಸ್ತಿಲಲ್ಲಿ ಕೂತ. ಸಾಮಾನೆಲ್ಲ ಹೇರಿ ಮುಗಿಯಿತು, ಅವನು ಕೂತೇ ಇದ್ದ. ಕೊನೆಗೆ ಬಲೆಯಕ್ಕ, "ಎದ್ದೇಳಿ, ಡ್ರೈವರು ಕಾಯ್ತಿದಾನೆ" ಎಂದಾಗ ಎದ್ದು, ಬಟ್ಟೆ ಕೊಡವಿಕೊಂಡು, ಲಾರಿ ಹತ್ತಿದ. ಅವನು ಜಗಳವಾಡಿದ್ದರೆ ಚೆನ್ನಾಗಿತ್ತೆಂದು ಅವಳಿಗೆ ಅನಿಸಿತು.

ಈಗ ಅವರು ಅಳಿವೆಯಲ್ಲಿ, ತಂಗಿಯ ಮನೆಯ ಪಕ್ಕದ ಕೋಣೆಯಲ್ಲಿದ್ದಾರೆ. ಬೀಗ ಹಾಕಿದ್ದ ಮನೆಗಳೆಲ್ಲ ತೆರೆದುಕೊಂಡಿವೆ. ತಂಗಿಯ ಗಂಡ, ಅವನೂ ಮೀನುಗಾರನೇ, ಒಮ್ಮೆ ಬಲೆಯಕ್ಕನ ಗಂಡನನ್ನು ತನ್ನ ದೋಣಿಯಲ್ಲಿ ಕರೆದುಕೊಂಡು ಹೋದ. ನಿಂತ ನೀರಿನವನಿಗೆ ಅಲೆಯ ಏರಿಳಿತ ಹಿಡಿಸಲಿಲ್ಲ. ವಾಂತಿ ಮಾಡಿಕೊಂಡು ಬಂದ. ಯಾರೂ ಗೇಲಿ ಮಾಡಲಿಲ್ಲ, ಅವನೂ ಮತ್ತೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ರಸ್ತೆ ನೋಡುತ್ತಾನೆ. ಊಟಕ್ಕೆ ಕರೆದರೆ ಬರುತ್ತಾನೆ. ಬಲೆಯಕ್ಕ ಮೀನು ಇಳಿಸುವ ದಕ್ಕೆಯ ಮೇಲಿನ ಶೆಡ್ಡಿನಲ್ಲಿ ಏರುಮೀನು ಸೀಳಿ ತೊಳೆಯುತ್ತಾಳೆ. ಮೀನು ರುಚಿಯಾಗಿಯೇ ಇದೆ, ಅಪ್ಪ ಹೇಳಿದ್ದಕ್ಕಿಂತ ರುಚಿ.

ಒಂದು ದಿನ ತಂಗಿ ಪಕ್ಕದಲ್ಲಿ ನಿಂತು ಮೀನು ತೊಳೆಯುತ್ತಾ, ಮುಖ ಎತ್ತದೆ ಕೇಳಿದಳು. "ಅಕ್ಕಾ, ನನ್ನ ಮೇಲೆ ಕೋಪ ಇದೆಯಾ?"

"ಇಲ್ಲ ಕಣೇ. ಎಷ್ಟು ಹುಡುಕಿದ್ರೂ ಸಿಗ್ತಿಲ್ಲ" ಎಂದಳು ಬಲೆಯಕ್ಕ. "ನೀನು ಮಾಡಿದ್ದು ಸರಿಯಾಗೇ ಇದೆ. ಅದೇ ನೋಡು ಕಷ್ಟ."

ತಂಗಿ ಇನ್ನೇನೋ ಹೇಳಬೇಕೆಂದಿದ್ದಳು. ಅಷ್ಟರಲ್ಲಿ ಯಾರೋ ಹೊರಗಿನಿಂದ ಅಧ್ಯಕ್ಷರೇ ಎಂದು ಕೂಗಿದರು; ದೋಣಿಯೊಂದು ಬಂದಿತ್ತು. ಅವಳು ಕೈ ಒರೆಸಿಕೊಂಡು ಹೋದಳು. ಬಲೆಯಕ್ಕ ಮುಂದಿನ ಮೀನನ್ನು ಹಲಗೆಯ ಮೇಲೆ ಮಲಗಿಸಿ, ಹೊಟ್ಟೆ ಸೀಳಿ, ಮಣಿಯಂಥ ಕೆಂಪು ಮೊಟ್ಟೆಗಳನ್ನು ಬೆರಳಿನಿಂದ ಬಳಿದು ಬಕೆಟ್ಟಿಗೆ ಹಾಕಿದಳು.